ಶಾಲೆ, ಕಾಲೇಜು ‘ಆಗುವುದಿಲ್ಲ’ ಎಂದಾಗ: ವಿಕಲಚೇತನ ವಿದ್ಯಾರ್ಥಿಯ ಹಕ್ಕನ್ನು ಬೆಂಗಳೂರಿನಲ್ಲಿ ಕೇಳಿ ಪಡೆಯುವುದು ಹೇಗೆ?

“ನಮ್ಮ ಮಗುವಿಗೆ ಇಲ್ಲಿ ಹೊಂದಿಕೆಯಾಗುವುದಿಲ್ಲ, ಬೇರೆ ಶಾಲೆ ನೋಡಿಕೊಳ್ಳಿ ಎನ್ನುತ್ತಿದ್ದಾರೆ. ಏನು ಮಾಡಲಿ?” “ಪ್ರಮಾಣಪತ್ರದಲ್ಲಿ ವೈಕಲ್ಯ ಶೇ. 35 ಎಂದಿದೆ, ಪರೀಕ್ಷೆಗೆ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಕೊಡುವುದಿಲ್ಲವಂತೆ. ನಿಜವೇ?” “ತರಗತಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಯಾರಿಗೆ ದೂರು ಕೊಡಬೇಕು?” ಜೂನ್ ಬಂತೆಂದರೆ ಮೊದಲನೆಯ ಮತ್ತು ಮೂರನೆಯ ಪ್ರಶ್ನೆ, ಪರೀಕ್ಷೆ ಹತ್ತಿರ ಬಂತೆಂದರೆ ಎರಡನೆಯದು. ಪ್ರತಿ ವರ್ಷ ಇವೇ ಪ್ರಶ್ನೆಗಳು ಬರುತ್ತಿರುವುದರಿಂದ ಉತ್ತರವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಕಾನೂನು ಬಹುಪಾಲು ನಿಮ್ಮ ಪರವಾಗಿಯೇ ಇದೆ. ಪೋಷಕರು ಸೋಲುವುದು ಕಾನೂನಿಲ್ಲದೆ ಅಲ್ಲ, ಕಾಗದವಿಲ್ಲದೆ. ಪ್ರಾಂಶುಪಾಲರ ಕೊಠಡಿಯಲ್ಲಿ ಕುಳಿತು ನಾಲ್ಕು ಸಲ ಮಾತನಾಡಿ ಬಂದಿರುತ್ತಾರೆ, ‘ನೋಡೋಣ’ ಎಂಬ ಮಾತು ಕೇಳಿಸಿಕೊಂಡಿರುತ್ತಾರೆ. ಆದರೆ ಕೇಳಿದ್ದಕ್ಕೂ ನಿರಾಕರಿಸಿದ್ದಕ್ಕೂ ಒಂದು ಚೂರು ದಾಖಲೆ ಇರುವುದಿಲ್ಲ. ಕೆಳಗಿನ ಎಲ್ಲ ಹಂತಗಳೂ ಆ ಕೊರತೆಯನ್ನು ತುಂಬಲಿಕ್ಕೆ.

1. ಯಾವ ಕಾನೂನು ನಿಮ್ಮದು?

ಮುಖ್ಯವಾದದ್ದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕಣ್ಣು, ಕಿವಿ, ಕೈಕಾಲಿನ ತೊಂದರೆಗಳ ಜೊತೆಗೆ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥವು), ಮಾನಸಿಕ ಅಸ್ವಸ್ಥತೆ, ತಲಸ್ಸೇಮಿಯಾ, ಹಿಮೋಫಿಲಿಯಾ ಕೂಡ ಇದರಲ್ಲಿವೆ.

ನೆನಪಿಡಬೇಕಾದ ಕಲಂಗಳು ಹೆಚ್ಚಿಲ್ಲ. ಕಲಂ 16: ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಪ್ರವೇಶ ಕೊಡಬೇಕು, ಕಟ್ಟಡ ಎಲ್ಲರೂ ಬಳಸುವಂತಿರಬೇಕು, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು. ಖಾಸಗಿ ಶಾಲೆ ಅನುದಾನ ಪಡೆಯದಿದ್ದರೂ ಮಾನ್ಯತೆಯನ್ನಂತೂ ಪಡೆದಿರುತ್ತದೆ. ಹೀಗಾಗಿ ‘ನಾವು ಖಾಸಗಿಯವರು, ನಮಗೆ ಇದು ಬರುವುದಿಲ್ಲ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಕಲಂ 17: ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಬದಲಾವಣೆ, ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಕಲಂ 31: ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ. ಕಲಂ 32: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ.

ಇಲ್ಲಿ ಪದೇ ಪದೇ ಬರುವ ಮಾತು ‘ಸಮಂಜಸ ಹೊಂದಾಣಿಕೆ’. ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದಂತೆ, ಒಬ್ಬ ನಿರ್ದಿಷ್ಟ ವಿದ್ಯಾರ್ಥಿಗೆ ಬೇಕಾದ ಬದಲಾವಣೆ ಮಾಡಿಕೊಡುವುದು ಎಂದು ಅರ್ಥ. ಲಿಫ್ಟ್ ಕಟ್ಟಿಸಲು ಕೋಟಿ ಬೇಕು ಎಂದು ಶಾಲೆ ವಾದಿಸಬಹುದು. ಆದರೆ ಒಂದು ವಿಭಾಗವನ್ನು ನೆಲಮಹಡಿಗೆ ಇಳಿಸುವುದು ಹೊರೆ ಎಂದು ವಾದಿಸುವುದು ಕಷ್ಟ. ಬೇಡಿಕೆ ಬರೆಯುವಾಗ ಈ ವ್ಯತ್ಯಾಸ ತಲೆಯಲ್ಲಿರಲಿ.

6ರಿಂದ 14 ವರ್ಷದವರಿಗೆ ಇದರ ಜೊತೆ ಶಿಕ್ಷಣ ಹಕ್ಕು ಕಾಯ್ದೆ, 2009 ಕೂಡ ಇದೆ. ಪ್ರವೇಶಕ್ಕೆ ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವಂತಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಹೊರಹಾಕುವಂತಿಲ್ಲ. ಆದರೆ ‘ಆರ್‌ಟಿಇ ಸೀಟು’ ಎಂದು ಜನ ಕರೆಯುವ ಶೇ. 25ರ ಕೋಟಾವನ್ನು ನಂಬಿಕೊಂಡು ಕೂರಬೇಡಿ. ಕರ್ನಾಟಕದಲ್ಲಿ 2019-20ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ ಅಂಥದೊಂದು ಶಾಲೆ ಇದ್ದೇ ಇರುತ್ತದೆ.

2. ಪ್ರಮಾಣಪತ್ರ ಮತ್ತು ಯುಡಿಐಡಿ

ಯುಡಿಐಡಿ ಎಂದರೆ ದೇಶದಾದ್ಯಂತ ನಡೆಯುವ ವಿಶಿಷ್ಟ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆ ಆರಿಸಿಕೊಂಡು, ಮೂಲ ವೈದ್ಯಕೀಯ ದಾಖಲೆಗಳೊಂದಿಗೆ ತಪಾಸಣೆಗೆ ಹೋಗಬೇಕು. ವೈಕಲ್ಯದ ಪ್ರಮಾಣಪತ್ರವೂ ಈ ದಾರಿಯಲ್ಲೇ ಬರುತ್ತದೆ. ಕಣ್ಣಿನ ತೊಂದರೆಗೆ ಮಿಂಟೋ, ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ವೈಕಲ್ಯಕ್ಕೆ ನಿಮ್ಹಾನ್ಸ್ ಎಂಬುದು ಈ ಊರಿನ ರೂಢಿ. ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ಆದ್ದರಿಂದ ಎಸ್‌ಎಸ್‌ಎಲ್‌ಸಿ ವರ್ಷಕ್ಕೆ ಕಾಯದೆ ಎಂಟನೇ ತರಗತಿಯಲ್ಲೇ ಶುರು ಮಾಡಿ.

ಇಲ್ಲಿ ಜನ ಎಡವುವ ಜಾಗ ಎರಡು. ಒಂದು, ಕಲಿಕಾ ನ್ಯೂನತೆಗೆ 8 ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ. 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಆಗಬೇಕು. ನಾಲ್ಕನೇ ತರಗತಿಯಲ್ಲಿ ಮಾಡಿಸಿದ್ದನ್ನು ಹತ್ತನೇ ತರಗತಿಯಲ್ಲಿ ತೋರಿಸಿದರೆ ಅರ್ಜಿ ವಾಪಸು ಬರುತ್ತದೆ. ಇನ್ನೊಂದು, ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಮತ್ತು ಸರ್ಕಾರ ಒಪ್ಪುವ ಪ್ರಮಾಣಪತ್ರ ಒಂದೇ ಅಲ್ಲ. ಖಾಸಗಿ ವರದಿಯಲ್ಲಿ ಮಗುವಿಗೆ ಏನು ಬೇಕು ಎಂಬ ವಿವರ ಚೆನ್ನಾಗಿರುತ್ತದೆ, ಶಾಲೆಯ ಜೊತೆ ಮಾತಾಡಲು ಅದು ಉಪಯೋಗಕ್ಕೆ ಬರುತ್ತದೆ. ಪರೀಕ್ಷಾ ಮಂಡಳಿಗೆ ಮಾತ್ರ ಪ್ರಮಾಣಪತ್ರವೇ ಬೇಕು. ವೈದ್ಯರ ತೀರ್ಮಾನ ತಪ್ಪು ಎನಿಸಿದರೆ ಕಲಂ 59ರಡಿ ಮೇಲ್ಮನವಿ ಸಲ್ಲಿಸಬಹುದು.

ಶೇ. 40 ಬಾರದವರು ಹತಾಶರಾಗಬೇಕಿಲ್ಲ. ಆ ಗಡಿ ಇರುವುದು ಸೀಟು ಮೀಸಲಾತಿ, ವಿದ್ಯಾರ್ಥಿವೇತನದಂಥ ಸವಲತ್ತುಗಳಿಗೆ. ಸಮಂಜಸ ಹೊಂದಾಣಿಕೆಗೆ ಆ ಗಡಿ ಇಲ್ಲ. ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ, ಶೇ. 40ರ ಮಾನದಂಡ ನೋಡದೆ ಸ್ಕ್ರೈಬ್ ಕೊಡಬೇಕೆಂದಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೂ ಮಾರ್ಗಸೂಚಿ ಹೊರಡಿಸಿತು. ‘ಪರ್ಸೆಂಟೇಜ್ ಇಲ್ಲ’ ಎಂದು ಕೌಂಟರಿನಲ್ಲಿ ಹೇಳುವವರಿಗೆ ಇದು ಗೊತ್ತಿಲ್ಲದಿರಬಹುದು. ಎರಡೂ ಕಾಗದಗಳ ಪ್ರತಿ ಕೈಯಲ್ಲಿರಲಿ.

3. ಬೇಡಿಕೆಯನ್ನು ಬರೆಯಿರಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಇದನ್ನೇ ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ. ‘ನಮ್ಮ ಮಗುವಿಗೆ ದಯವಿಟ್ಟು ಸಹಕರಿಸಿ’ ಎಂದು ಬರೆದರೆ ಅದು ವಿನಂತಿ. ‘ಸಹಕರಿಸುತ್ತಿದ್ದೇವೆ’ ಎಂಬ ಒಂದು ಸಾಲಿನ ಉತ್ತರಕ್ಕೆ ಆಹ್ವಾನವೂ ಹೌದು. ಏನು ಬೇಕು, ಎಲ್ಲಿ ಬೇಕು, ಎಂದಿನಿಂದ ಬೇಕು ಎಂದು ಒಂದೊಂದಾಗಿ ಬರೆಯಿರಿ. ಗಾಲಿಕುರ್ಚಿ ಬಳಸುವ ಏಳನೇ ತರಗತಿಯ ಹುಡುಗಿಯ ಪೋಷಕರ ಪತ್ರ ಹೀಗಿರಬಹುದು:

“ವಿಷಯ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಕಲಂ 16ರಂತೆ ಸಮಂಜಸ ಹೊಂದಾಣಿಕೆ ಒದಗಿಸುವ ಕುರಿತು.

ನನ್ನ ಮಗಳು ನಿಮ್ಮ ಶಾಲೆಯ 7ನೇ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿದ್ದಾಳೆ. ಯುಡಿಐಡಿ ಪ್ರತಿ ಲಗತ್ತಿಸಿದೆ. ಆಕೆಗೆ ಈ ಕೆಳಗಿನವು ಅಗತ್ಯ:

ಅ) ಎರಡನೇ ಮಹಡಿಯಲ್ಲಿರುವ 7ನೇ ‘ಬಿ’ ವಿಭಾಗವನ್ನು ನೆಲಮಹಡಿಗೆ ಬದಲಾಯಿಸುವುದು. ಆ) ನೆಲಮಹಡಿಯ ಬಾಲಕಿಯರ ಶೌಚಾಲಯದ ಬಾಗಿಲ ಬಳಿಯ ಮೆಟ್ಟಿಲಿಗೆ ಇಳಿಜಾರು, ಒಳಗೆ ಹಿಡಿದುಕೊಳ್ಳಲು ಕಂಬಿ. ಇ) ಕಂಪ್ಯೂಟರ್ ಪ್ರಯೋಗಾಲಯದ ಅವಧಿಯಲ್ಲಿ ಆಕೆಯನ್ನು ತರಗತಿಯಲ್ಲಿ ಒಂಟಿಯಾಗಿ ಕೂರಿಸದೆ ಅದೇ ಪಾಠಕ್ಕೆ ಕೆಳಗೆ ವ್ಯವಸ್ಥೆ.

ಈ ಪತ್ರ ತಲುಪಿದ 10 ದಿನಗಳಲ್ಲಿ ಬರಹದಲ್ಲಿ ಉತ್ತರ ಕೋರುತ್ತೇನೆ. ಯಾವುದಾದರೂ ಸಾಧ್ಯವಿಲ್ಲವೆಂದಾದರೆ ಅದಕ್ಕೆ ಕಾರಣವನ್ನೂ ಬದಲಿ ವ್ಯವಸ್ಥೆಯನ್ನೂ ತಿಳಿಸಬೇಕು.”

ಈ 10 ದಿನದ ಗಡುವು ಕಾನೂನಿನಲ್ಲಿ ಇರುವುದಲ್ಲ, ನೀವು ಹಾಕುವುದು. ಆದರೂ ಹಾಕಿ; ಮುಂದೆ ದೂರು ಕೊಡುವಾಗ ‘ಇಷ್ಟು ದಿನ ಕಾದೆವು’ ಎಂದು ತೋರಿಸಲು ಬೇಕು. ‘ಕಾರಣ ತಿಳಿಸಿ’ ಎಂಬ ಸಾಲನ್ನಂತೂ ಬಿಡಲೇಬೇಡಿ. ಕಾರಣವನ್ನು ಬರೆಯಬೇಕಾಗಿ ಬಂದಾಗ ಅನೇಕ ಶಾಲೆಗಳಿಗೆ ‘ಆಗುವುದಿಲ್ಲ’ ಎಂದದ್ದು ಆಗಿಬಿಡುತ್ತದೆ.

ಪತ್ರದಲ್ಲಿ ಸಿಟ್ಟು ಬೇಡ, ಕಣ್ಣೀರೂ ಬೇಡ. ಮಗುವಿನ ರೋಗದ ಪೂರ್ಣ ಚರಿತ್ರೆಯನ್ನೂ ಬರೆಯಬೇಕಾಗಿಲ್ಲ. ಶಾಲೆಗೆ ಬೇಕಾದಷ್ಟು ಸಾಕು.

4. ಕೊಟ್ಟದ್ದಕ್ಕೆ ಗುರುತು

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದೇ ಸ್ವೀಕೃತಿ. ಸರ್ಕಾರಿ ಕಚೇರಿಯಾದರೆ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಸಾಹೇಬರ ಮೇಜಿನ ಮೇಲೆ ನೇರವಾಗಿ ಇಟ್ಟ ಪತ್ರ ಕಡತ ಸೇರಿತೇ ಎಂದು ಯಾರೂ ಹೇಳಲಾರರು. ಶಾಲೆ ಮೊಹರು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯ ಜೊತೆಗೆ ‘ತಲುಪಿದೆ’ ಎಂದು ತೋರಿಸುವ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಇಮೇಲ್ ಕೂಡ ಹಾಕಿ.

ಫೋನಿನಲ್ಲೋ ಸಭೆಯಲ್ಲೋ ಏನಾದರೂ ಹೇಳಿದರೆ ಅಂದೇ ಸಂಜೆ ಒಂದು ಇಮೇಲ್: “ಇಂದು ಬೆಳಿಗ್ಗೆ ತಾವು ತಿಳಿಸಿದಂತೆ ವಿಭಾಗ ಬದಲಾವಣೆ ಮುಂದಿನ ಸೋಮವಾರದಿಂದ ಆಗಲಿದೆ ಎಂದು ತಿಳಿದಿದ್ದೇನೆ. ತಪ್ಪಿದ್ದರೆ ತಿಳಿಸಿ.” ಮೆಟ್ಟಿಲು, ಶೌಚಾಲಯ, ಬಾಗಿಲುಗಳ ಚಿತ್ರ ತೆಗೆದಿಡಿ, ಬೇರೆ ಮಕ್ಕಳ ಮುಖ ಬರದಂತೆ ನೋಡಿಕೊಳ್ಳಿ. ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.

ಇನ್ನು ನಿಮ್ಮಿಂದ ಸಹಿ ಕೇಳುವ ಕಾಗದಗಳ ವಿಷಯ. ‘ಸ್ವಇಚ್ಛೆಯಿಂದ ವರ್ಗಾವಣೆ ಪತ್ರ ಪಡೆಯುತ್ತಿದ್ದೇವೆ’ ಎಂಬ ಸಾಲಿಗೆ ಸಹಿ ಹಾಕಿದರೆ, ಶಾಲೆ ಹೊರಹಾಕಿತು ಎಂದು ಆಮೇಲೆ ಸಾಬೀತುಪಡಿಸುವುದು ಬಲು ಕಷ್ಟ. ‘ಮಗುವಿಗೆ ಏನಾದರೂ ಆದರೆ ಶಾಲೆ ಹೊಣೆಯಲ್ಲ’ ಎಂಬ ಮುಚ್ಚಳಿಕೆ, ‘ಶ್ಯಾಡೋ ಟೀಚರ್ ಸಂಬಳವನ್ನು ನಾವೇ ಕೊಡುತ್ತೇವೆ’ ಎಂಬ ಒಪ್ಪಿಗೆ ಕೂಡ ಇದೇ ಜಾತಿಯವು. (ಶ್ಯಾಡೋ ಟೀಚರ್ ಎಂದರೆ ತರಗತಿಯಲ್ಲಿ ಒಂದೇ ಮಗುವಿನ ಪಕ್ಕ ಕುಳಿತು ನೆರವಾಗುವವರು.) ‘ಮನೆಗೆ ಒಯ್ದು ಓದಿ ತರುತ್ತೇವೆ’ ಎಂದು ಹೇಳಿ ಎದ್ದು ಬನ್ನಿ.

5. ಪರೀಕ್ಷೆಯ ಸೌಲಭ್ಯ: ದಿನಾಂಕವೇ ಇಲ್ಲಿ ದೊಡ್ಡದು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಈಗ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಸ್ಕ್ರೈಬ್, ಹೆಚ್ಚುವರಿ ಸಮಯ, ಭಾಷಾ ವಿನಾಯಿತಿಗೆ ಅರ್ಜಿ ಹೋಗಬೇಕಾದದ್ದು ಶಾಲೆ ಅಥವಾ ಕಾಲೇಜಿನ ಮೂಲಕ. ಪರೀಕ್ಷೆಗೆ ನೋಂದಣಿ ಮಾಡುವಾಗಲೇ ಇದನ್ನು ಸೇರಿಸಬೇಕು. ಮುಖ್ಯ ಶಿಕ್ಷಕರು ‘ಆಮೇಲೆ ಹಾಕಿದರಾಯಿತು’ ಎಂದರೆ ಒಪ್ಪಬೇಡಿ. ಕಳುಹಿಸಿದ ಅರ್ಜಿಯ ಪ್ರತಿ ಕೇಳಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೆ ಅವರವರ ಮಂಡಳಿಯ ನಿಯಮವಿದೆ, ದಾರಿ ಮಾತ್ರ ಇದೇ.

ಸಾಮಾಜಿಕ ನ್ಯಾಯ ಸಚಿವಾಲಯದ 2018ರ ಆಗಸ್ಟ್‌ನ ಮಾರ್ಗಸೂಚಿ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದಿತ್ತು. ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಸ್ವಂತ ಸ್ಕ್ರೈಬ್ ಕರೆತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದೂ ಅದರಲ್ಲಿತ್ತು; ಈಗಿನ ನಿಯಮವನ್ನು ಮಂಡಳಿಯಲ್ಲಿ ಕೇಳಿಕೊಳ್ಳಿ. ಅರ್ಹತೆ ಹೊಂದುವವರು ಸಿಕ್ಕರೆ ಮುಗಿಯಿತು ಎಂದುಕೊಳ್ಳಬೇಡಿ: ಮಗು ಹೇಳುವ ವೇಗಕ್ಕೆ ಅವರು ಬರೆಯಬಲ್ಲರೇ, ಗಣಿತದ ಚಿಹ್ನೆಗಳನ್ನು ಹೇಳಿದಂತೆ ಹಾಕಬಲ್ಲರೇ ಎಂದು ಮನೆಯಲ್ಲಿ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆಸಿ ನೋಡಿ.

ಅವಸರವೇಕೆ ಎಂದರೆ, ಪರೀಕ್ಷೆ ಮುಗಿದ ಮೇಲೆ ಪರಿಹಾರ ಸಿಗುವುದು ಬಹಳ ಕಷ್ಟ. ಅವನಿ ಪ್ರಕಾಶ್ ಪ್ರಕರಣದಲ್ಲಿ (2021ರ ನವೆಂಬರ್) ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆ ಇದ್ದ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಒಂದು ಗಂಟೆ ಕೊಟ್ಟಿರಲಿಲ್ಲ. ಅದು ಅನ್ಯಾಯ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಅನ್ಯಾಯ ಸರಿಪಡಿಸಲು ಏನು ಮಾಡಬಹುದೆಂದು ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಹೇಳಿತು.

6. ಶಾಲೆಯ ಮೇಲಿನವರು

ಶಾಲೆ ಉತ್ತರಿಸದಿದ್ದರೆ ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಅಲ್ಲಿಂದ ಉಪನಿರ್ದೇಶಕರಿಗೆ (ಡಿಡಿಪಿಐ) ದೂರು. ಬೆಂಗಳೂರಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳು, ಪ್ರತಿಯೊಂದರಲ್ಲೂ ಹಲವು ವಲಯಗಳು. ನೋಡಬೇಕಾದದ್ದು ನಿಮ್ಮ ಮನೆಯ ವಿಳಾಸವನ್ನಲ್ಲ, ಶಾಲೆ ಯಾವ ವಲಯದಲ್ಲಿದೆ ಎಂಬುದನ್ನು. ಇದು ತಪ್ಪಿದರೆ ಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಲೇ ಇರುತ್ತದೆ. ಮಗು 18ರೊಳಗಿನದಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ಸರ್ಕಾರಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ವಿಷಯದಲ್ಲಿ ಕಲಂ 23 ಒಂದು ಒಳ್ಳೆಯ ಅಸ್ತ್ರ, ಬಳಸುವವರು ಕಡಿಮೆ. ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಅಂಗವಿಕಲತೆ ಸಮಿತಿಗೆ ಹೋಗಬಹುದು. ‘ಅಂಥ ಅಧಿಕಾರಿ ನಮ್ಮಲ್ಲಿಲ್ಲ’ ಎಂದರೆ ಅದನ್ನೇ ಬರಹದಲ್ಲಿ ಕೇಳಿ ಪಡೆಯಿರಿ. ಮುಂದಿನ ಹಂತಕ್ಕೆ ಅದೇ ಸಾಕ್ಷಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಖಾಸಗಿ ಶಾಲೆಯ ದಾಖಲೆ ಬೇಕಿದ್ದರೆ ಅರ್ಜಿಯನ್ನು ಬಿಇಒ ಕಚೇರಿಗೆ ಹಾಕಬೇಕು.

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಮಾತು. 18 ತುಂಬಿದ್ದರೆ ದೂರುದಾರರು ನೀವೇ; ಅಪ್ಪ ಅಮ್ಮನ ಸಹಿಯ ದೂರನ್ನು ‘ನೀವು ಯಾರು’ ಎಂದು ವಾಪಸು ಮಾಡಬಹುದು. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯವಿದ್ದು ಪೋಷಕರೇ ನಡೆಸಬೇಕಾದಲ್ಲಿ, ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರಡಿ ಜಿಲ್ಲಾ ಮಟ್ಟದ ಸಮಿತಿಯಿಂದ ಪಾಲಕತ್ವ ಪಡೆದಿಟ್ಟುಕೊಳ್ಳುವುದು ಉಪಯುಕ್ತ.

7. ರಾಜ್ಯ ಆಯುಕ್ತರ ಮುಂದೆ

2016ರ ಕಾಯ್ದೆಯಡಿ ಅಂಗವಿಕಲ ವ್ಯಕ್ತಿಗಳಿಗಾಗಿ ರಾಜ್ಯ ಆಯುಕ್ತರಿದ್ದಾರೆ. ಕಚೇರಿ ಬೆಂಗಳೂರಿನಲ್ಲೇ ಇದೆ. ವಕೀಲರು ಬೇಕೆಂದಿಲ್ಲ. ದೂರನ್ನು ನೀವೇ ಬರೆಯಬಹುದು: ಯಾರ ಮೇಲೆ, ಏನಾಯಿತು, ಯಾವ ಕಲಂ, ಏನು ಪರಿಹಾರ ಬೇಕು. ಮೊದಲ ಪುಟದಲ್ಲೇ ದಿನಾಂಕವಾರು ಪಟ್ಟಿ ಇರಲಿ, ಪ್ರತಿ ದಿನಾಂಕದ ಎದುರು ಲಗತ್ತಿನ ಸಂಖ್ಯೆ. ವಿಚಾರಣೆಯ ದಿನ ಹತ್ತಾರು ಕಡತಗಳು ಮೇಜಿನ ಮೇಲಿರುತ್ತವೆ. ಒಂದು ಪುಟದಲ್ಲಿ ನಿಮ್ಮ ಕತೆ ತಿಳಿಯುವಂತಿದ್ದರೆ ಅರ್ಧ ಕೆಲಸ ಆದಂತೆ. ಎದುರು ಪಕ್ಷವನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಆದರೆ ಇದು ನ್ಯಾಯಾಲಯವಲ್ಲ. ಆಯುಕ್ತರು ಮಾಡುವುದು ಶಿಫಾರಸು. ಕಲಂ 81ರಂತೆ ಸಂಬಂಧಪಟ್ಟ ಪ್ರಾಧಿಕಾರ ಅದರ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನಿಮಗೂ ಅದೇ ಅವಧಿಯಲ್ಲಿ ಹೇಳಬೇಕು. ತಿದ್ದಲು ಸಮಯವಿರುವ ವಿಷಯಗಳಿಗೆ, ಅಂದರೆ ಇಳಿಜಾರು, ಶೌಚಾಲಯ, ವಿಶೇಷ ಶಿಕ್ಷಕರ ನೇಮಕ, ಶುಲ್ಕದ ತಕರಾರುಗಳಿಗೆ ಇದು ಸರಿಯಾದ ಜಾಗ. ಮುಂದಿನ ವಾರ ಪರೀಕ್ಷೆ ಇಟ್ಟುಕೊಂಡು ಇಲ್ಲಿಗೆ ಬಂದು ಕೂತರೆ ಕಾಲ ಕೈಮೀರುತ್ತದೆ.

ದಂಡ, ಶಿಕ್ಷೆಯ ಕಲಂಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಕಾಯ್ದೆ ಉಲ್ಲಂಘನೆಗೆ ಕಲಂ 89ರಲ್ಲಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ, ಬೆದರಿಸಿದರೆ ಕಲಂ 92ರಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು. ನಿಜವಾಗಿ ಅಂಥದ್ದು ನಡೆದಿದ್ದರೆ ಹಿಂಜರಿಯದೆ ಪೊಲೀಸರಿಗೆ ದೂರು ಕೊಡಿ. ಆದರೆ ವಿಭಾಗ ಬದಲಾವಣೆಯ ಪತ್ರದಲ್ಲಿ ಇದನ್ನು ಬೆದರಿಕೆಯಾಗಿ ಸೇರಿಸಬೇಡಿ. ಮಗು ನಾಳೆಯೂ ಅದೇ ಶಾಲೆಗೆ ಹೋಗಬೇಕು.

8. ಹೈಕೋರ್ಟ್ ಮತ್ತು ಉಚಿತ ಕಾನೂನು ನೆರವು

ಹಾಲ್ ಟಿಕೆಟ್ ಬಂದಿದೆ, ಸ್ಕ್ರೈಬ್ ಇಲ್ಲ. ಸೀಟು ಹಂಚಿಕೆ ನಡೆಯುತ್ತಿದೆ, ಮೀಸಲಾತಿ ನಿರಾಕರಿಸಿದ್ದಾರೆ. ಇಂಥ ತುರ್ತಿಗೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿಯೇ ದಾರಿ. ಅಂತಿಮ ತೀರ್ಪು ತಡವಾದರೂ, ಅಲ್ಲಿಯವರೆಗೆ ಪರೀಕ್ಷೆ ಬರೆಯಲು ಬಿಡಿ ಎಂಬಂಥ ಮಧ್ಯಂತರ ಆದೇಶವನ್ನು ಕೇಳಬಹುದು. ವೈದ್ಯಕೀಯ ಸೀಟಿನ ವಿಷಯವಾದರೆ ಓಂಕಾರ್ ಗೊಂಡ್ ಪ್ರಕರಣದ ತೀರ್ಪನ್ನು (2024ರ ಅಕ್ಟೋಬರ್) ವಕೀಲರ ಗಮನಕ್ಕೆ ತನ್ನಿ: ವೈಕಲ್ಯದ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ವಿದ್ಯಾರ್ಥಿ ಕೋರ್ಸ್ ಮಾಡಬಲ್ಲರೇ ಎಂದು ವೈಕಲ್ಯ ತಪಾಸಣಾ ಮಂಡಳಿ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12ರಂತೆ ವಿಕಲಚೇತನರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಹೈಕೋರ್ಟ್ ಪ್ರಕರಣಗಳಿಗೆ ಹೈಕೋರ್ಟ್ ಕಾನೂನು ಸೇವಾ ಸಮಿತಿ ಇದೆ. ಹೋಗುವ ಮುನ್ನ 15100ಕ್ಕೆ ಕರೆ ಮಾಡಿ ಕೇಳಬಹುದು. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿಯಂಥ ಹಳೆಯ ಸಂಸ್ಥೆಗಳಲ್ಲಿ ಇದೇ ದಾರಿಯಲ್ಲಿ ನಡೆದು ಬಂದ ಪೋಷಕರು ಸಿಗುತ್ತಾರೆ. ಯಾವ ಕಚೇರಿಯಲ್ಲಿ ಯಾವ ಹೊತ್ತಿಗೆ ಹೋದರೆ ಕೆಲಸವಾಗುತ್ತದೆ ಎಂಬುದನ್ನು ವಕೀಲರಿಗಿಂತ ಅವರೇ ಚೆನ್ನಾಗಿ ಹೇಳುತ್ತಾರೆ.

ವಕೀಲರ ಬಳಿ ಹೋಗುವಾಗ ಒಯ್ಯಬೇಕಾದವು: ಯುಡಿಐಡಿ ಮತ್ತು ಪ್ರಮಾಣಪತ್ರದ ಪ್ರತಿ, ಸ್ವೀಕೃತಿ ಇರುವ ಎಲ್ಲ ಪತ್ರಗಳು, ಬಂದ ಉತ್ತರಗಳು, ಹಾಲ್ ಟಿಕೆಟ್ ಅಥವಾ ಪ್ರವೇಶದ ದಾಖಲೆ, ಶುಲ್ಕದ ರಸೀದಿ, ಆಧಾರ್ ಮತ್ತು ಮೂರನೇ ಹಂತದಲ್ಲಿ ಬರೆದ ಆ ಮೊದಲ ಪತ್ರ. ಎಲ್ಲವೂ ದಿನಾಂಕದ ಕ್ರಮದಲ್ಲಿ, ಎರಡು ಪ್ರತಿ. ತುರ್ತು ಅರ್ಜಿಯಾದರೆ ಪರೀಕ್ಷೆಯ ವೇಳಾಪಟ್ಟಿಯನ್ನು ಎಲ್ಲಕ್ಕಿಂತ ಮೇಲೆ ಇಡಿ.